ನಾಲಿಗೆ ಉರಿಸದ ಕಾಫಿ

ಗುರ್ರೆಂದು ಶುರುವಾಗಿ, ಉಸಿರು ಕಟ್ಟಿದಂತೆ ಸಣ್ಣಗಾಗುತ್ತಿದ್ದ ಕಾಫಿ ಮಷೀನಿನ ಆ ಪಂಪಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಎಸ್ಪ್ರೆಸೊ ಮಷೀನನ್ನು ನಾನೇ ಆಸೆಪಟ್ಟು ಕೊಂಡಿದ್ದೆ. ಮೊದಲ ವಾರವೇ ಎಡವಟ್ಟು. ಮಲ್ಲೇಶ್ವರದ ನಮ್ಮ ಮಾಮೂಲಿ ಕಾಫಿಪುಡಿ ಅಂಗಡಿಯವರು, "ಚಿಕೋರಿ ಯಾವಾಗ್ಲೂ ಹಾಕೋಷ್ಟೇ ಅಲ್ವಾಮ್ಮಾ?" ಅಂದರು. ನಾನೂ ಅಭ್ಯಾಸಬಲದಿಂದ ತಲೆಯಾಡಿಸಿದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಗಟ್ಟಿ ಮಾಡುವ ಅದೇ ಚಿಕೋರಿ ಮಷೀನಿನೊಳಗೆ ಅಂಟಾಗಿ ಕೂತುಬಿಟ್ಟಿತು. ಸದ್ದೇ ಸದ್ದು, ಒಂದು ತೊಟ್ಟೂ ಇಲ್ಲ. ಆಮೇಲೆ ಒಂದು ಗ್ರೈಂಡರ್ ಕೊಂಡು, ಬೀಜ ತಂದು ಮನೆಯಲ್ಲೇ ಪುಡಿ ಮಾಡತೊಡಗಿದೆ.

ಆಗಲೇ ಬಸವನಗುಡಿಯಿಂದ ಗೆಳತಿಯ ಫೋನು ಬಂತು. ಕಾನ್ವೆಂಟಿನಲ್ಲಿ ಒಂದೇ ಡೆಸ್ಕಿನಲ್ಲಿ ಕೂತವರು ನಾವು. ಅವಳ ನಾಲಿಗೆಯ ಎಡಬದಿಯಲ್ಲಿ ವಾಸಿಯಾಗದ ಹುಣ್ಣು. ಆಪರೇಶನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ರುಚಿ ತಿಳಿಯುತ್ತದೆಂದು ಡಾಕ್ಟರೂ ಪ್ರಾಮಿಸ್ ಮಾಡಿರಲಿಲ್ಲ.

"ಕಾಫಿ ಬಿಟ್ಟು ಎಷ್ಟ್ ದಿನ ಆಯ್ತು ಕಣೇ. ಹುಳಿ ತಾಕಿದ್ರೆ ಜೀವ ಹೋಗತ್ತೆ. ಅಡ್ಮಿಟ್ ಆಗೋಕ್ ಮುಂಚೆ, ಉರೀದೇ ಇರೋ ಒಂದ್ ಕಪ್ ಕೊಡ್ತೀಯಾ?"

ಮಷೀನ್ ಮಾರಿದವನು ಲೈಟ್ ರೋಸ್ಟನ್ನು ಹೊಗಳಿದ್ದ, ಹಣ್ಣಿನ ಫ್ಲೇವರ್ ಬರುತ್ತದಂತೆ. ಹಣ್ಣೆಂದರೆ ಹುಳಿಯೇ ತಾನೇ? ಅದನ್ನು ಬಿಟ್ಟು ಕಪ್ಪಗೆ ಹುರಿದ ಪೀಬೆರಿ ಬೀಜ ತಂದೆ. ಇನ್ನು ಉಳಿದದ್ದು ಪುಡಿಯ ಹದ. ದಪ್ಪಗಾದರೆ ನೀರು ಸರ್ರನೆ ಓಡಿ ಹುಳಿ. ತೀರ ನುಣ್ಣಗಾದರೆ ಕಟ್ಟಿಕೊಂಡು ಕಹಿ.

ಅಡ್ಮಿಟ್ ಆಗುವ ಹಿಂದಿನ ದಿನ ಬಂದಳು. ಬಾಯಿಗೆ ಕರ್ಚೀಫ್ ಒತ್ತಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಮೊದಲ ಕಪ್ಪಿನ ರುಚಿ ನಾನೇ ನೋಡಿದೆ. ಹುಳಿ. ಚೆಲ್ಲಿದೆ.

"ಏನೇ, ಸಿಂಕಿಗೆ ಕಾಫಿ ಕುಡಿಸೋಕೆ ನನ್ನ ಕರೆಸಿದ್ಯಾ?"

ಪುಡಿ ನುಣ್ಣಗಾಗಲೆಂದು ಗ್ರೈಂಡರಿನ ತಿರುಗಣೆಯನ್ನು ತಿರುಗಿಸಿದೆ. ಈ ಸಲ ಪಂಪು ನರಳಿತು, ತೊಟ್ಟು ಬೀಳಲಿಲ್ಲ. ಗಾಬರಿಯಲ್ಲಿ ಪುಡಿ ತುಂಬಿದ್ದ ಬಟ್ಟಲನ್ನು ಬಿಚ್ಚಲು ಅದರ ಹಿಡಿಗೆ ಕೈ ಹಾಕಿದೆ.

"ಬಿಚ್ಬೇಡ್ವೇ! ಕುಕ್ಕರ್ ಥರ ಮುಖಕ್ಕೆ ಹಾರತ್ತೆ!" ಎಂದು ಕೂಗಿದವಳು ನೋವಿಗೆ ಕೆನ್ನೆ ಹಿಡಿದುಕೊಂಡಳು.

ಬೆಳಗಿನಿಂದ ಪ್ರಾಕ್ಟೀಸ್ ಮಾಡಿ ಮಾಡಿ ಡಬ್ಬದ ತಳದಲ್ಲಿ ಒಂದೇ ಕಪ್ಪಿನಷ್ಟು ಬೀಜ ಉಳಿದಿತ್ತು. ನಾಳೆ ಕೊಡುತ್ತೇನೆ ಎನ್ನುವ ಹಾಗೂ ಇರಲಿಲ್ಲ. ಒತ್ತಡ ಇಳಿದ ಮೇಲೆ ಬಟ್ಟಲು ಖಾಲಿ ಮಾಡಿ, ತಿರುಗಣೆಯನ್ನು ಒಂದೇ ಒಂದು ಗೆರೆ ಹಿಂದಕ್ಕೆ ಸರಿಸಿ, ಉಳಿದ ಬೀಜ ಪುಡಿ ಮಾಡಿ ತುಂಬಿದೆ. ಸ್ವಿಚ್ ಒತ್ತಿದೆ. ಮತ್ತೆ ಅದೇ ಗುರ್ರ್. ಕೊನೆಗೆ ಬೆಲ್ಲದ ಪಾಕದಂತೆ ಕಪ್ಪನೆಯ ಎಳೆಯೊಂದು ಇಳಿಯಿತು.

ಉಗುರುಬೆಚ್ಚಗಿನ ನೊರೆಹಾಲು ಬೆರೆಸಿ ಕೊಟ್ಟೆ. ತಲೆಯನ್ನು ಬಲಕ್ಕೆ ವಾಲಿಸಿ ಒಂದು ಗುಟುಕು ಕುಡಿದಳು. ಆಮೇಲೆ ಕಣ್ಣು ಮುಚ್ಚಿ, ಮೆಲ್ಲಗೆ ಹುಣ್ಣಿದ್ದ ಎಡಬದಿಗೆ ತಲೆ ವಾಲಿಸಿದಳು. ನಾನು ಸಿಂಕಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ.

"ಉರೀಲಿಲ್ಲ," ಅಂದಳು. ಕಪ್ಪು ಖಾಲಿಯಾದ ಮೇಲೆ, "ಆದ್ರೂ ಚಿಕೋರಿ ಇಲ್ದೆ ಬೋಳು ಬೋಳು ಕಣೇ. ವಾಪಸ್ ಬಂದ್ಮೇಲೆ ಫಿಲ್ಟರಲ್ಲಿ ಮಾಡ್ಕೊಡು."

ಆಸ್ಪತ್ರೆಯಿಂದ ಅವಳು ವಾಪಸ್ ಬರಲಿಲ್ಲ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅಂದು ಗೇಟಿನ ಹತ್ತಿರ, ಆಟೋದಲ್ಲಿ. ಕರ್ಚೀಫು ಮಡಿಲಲ್ಲಿತ್ತು. ಮೇಲ್ತುಟಿಯ ನೊರೆಯನ್ನು ನಾಲಿಗೆಯ ತುದಿಯಿಂದ, ಹುಷಾರಾಗಿ, ಒರೆಸಿಕೊಳ್ಳುತ್ತಿದ್ದಳು.