ಬೆರಳು ಕೈಕೊಟ್ಟ ದಿನ

ಜಮೈಕಾದ ಸೇಂಟ್ ಥಾಮಸ್ ಸೀಮೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರವತ್ತಮೂರರ ಇವಾಡ್ನಿ ಮಿನಟ್ ಅಂಗಳದಲ್ಲಿ ತೆಂಗಿನ ಗರಿ ಉರಿಸಿ ಡೋಲಿನ ಮೇಕೆಚರ್ಮ ಕಾಯಿಸುತ್ತಿದ್ದಾರೆ. ಎಡಗೈಯಿಂದ ತಟ್ಟುತ್ತಾರೆ, ಖಣ್ಣೆನ್ನುತ್ತದೆ. ಬಲಗೈಯಿಂದ ತಟ್ಟುತ್ತಾರೆ. ಮುಖ ಸಣ್ಣದಾಗುತ್ತದೆ.

“ಮೂರು ವಾರ ಆಯ್ತು, ಈ ಎರಡು ಬೆರಳು ನಂದಲ್ವೇನೋ ಅನ್ನಿಸ್ತಿದೆ. ಯಾರಿಗೂ ಹೇಳಿಲ್ಲ, ನಿಮಗೇ ಮೊದಲು. ಇವತ್ತೇ ಕೈಕೊಟ್ರೆ ಏನ್ ಮಾಡ್ಲಿ?”

ಇವತ್ತು ಮದರ್ ಐಸಿಲ್ಡಾ ಅವರ ಅಂತ್ಯಕ್ರಿಯೆ. ಇವಾಡ್ನಿಯನ್ನು ಡೋಲಿನ ಸಮೇತ ಮೊದಲ ಬಾರಿ ಚರ್ಚಿನೊಳಗೆ ಕರೆದೊಯ್ದ ಹಿರಿಯಾಕೆ ಆಕೆ.

ಇವಾಡ್ನಿಗೆ ಗುರುವಿಲ್ಲ. ಒಂಬತ್ತರ ವಯಸ್ಸಿನಲ್ಲಿ, ಹಿರಿಯರ ಆತ್ಮಗಳನ್ನು ಕರೆಯುವ ಕುಮಿನಾ ಕೂಟಗಳ ಬೇಲಿಯಾಚೆ ನಿಂತು ಕೇಳಿದ್ದನ್ನು ಮನೆಗೆ ಬಂದು ಬಣ್ಣದ ಡಬ್ಬದ ಮೇಲೆ ಬಾರಿಸಿ ಕಲಿತದ್ದು. ಡೋಲನ್ನು ನೆಲಕ್ಕೆ ಮಲಗಿಸಿ, ಅದರ ಮೇಲೆ ಕಾಲು ಅಗಲಿಸಿ ಕೂತು, ಹಿಮ್ಮಡಿಯನ್ನು ಚರ್ಮಕ್ಕೊತ್ತಿ ದನಿ ಏರಿಳಿಸಬೇಕು.

“ಹೆಂಗಸು ಹಂಗೆ ಕೂರ್ತಾಳಾ ಅಂತ ಗಂಡಸ್ರು ಬೈಯೋರು. ದೆವ್ವದ ಡೋಲು ಅಂತ ಚರ್ಚಿನೋರು ಬೈಯೋರು. ಎರಡೂ ಕಡೆ ಬೈಸ್ಕೊಂಡೇ ಬಾರಿಸ್ದೆ.”

ನಲವತ್ತೊಂದು ವರ್ಷಗಳಿಂದ ವಾರಕ್ಕೆ ಮೂರು ಪ್ರಾರ್ಥನೆ, ತಿಂಗಳಿಗೆ ನಾಲ್ಕೈದು ಸಾವು. ಉಳಿದ ದಿನ ಸಂತೆಯಲ್ಲಿ ಗೆಣಸಿನ ವ್ಯಾಪಾರ.

ಹತ್ತು ಗಂಟೆಗೆ ಚರ್ಚು ತುಂಬಿದೆ. ಡೋಲುಗಳ ಜಾಗ ಎಂದಿನಂತೆ ಹಿಂದೆ ಬಾಗಿಲ ಬಳಿ, ಹಾಡುವವರಿಂದ ದೂರ. ಜೊತೆಯ ಡೋಲಿಗೆ ಕೂತ ಆರ್ವಿಲ್ ಕೆಣಕುತ್ತಾನೆ: “ಏನ್ ಮಿಸ್ ಇವಾ, ಮದುಮಗಳ ಥರ ಬೆವರ್ತಿದೀರಾ?”

“ಸುಮ್ನೆ ಬಾರಿಸೋ, ಬಾಯಿಬಡುಕ.”

ಎರಡನೆಯ ಹಾಡಿನ ನಡುವೆ ಬಲಗೈ ಚರ್ಮದ ಮೇಲೆ ಬೀಳುತ್ತದೆ, ಸದ್ದು ಏಳುವುದಿಲ್ಲ. ಹಾಡುವವರು ತಡವರಿಸುತ್ತಾರೆ. ಮುಂದಿನ ಸಾಲಿನಲ್ಲಿ ಒಂದೆರಡು ತಲೆ ತಿರುಗುತ್ತವೆ. ಇವಾಡ್ನಿ ಬಲಗೈಯನ್ನು ಮಡಿಲಿಗೆ ಹಾಕಿಕೊಂಡು, ಎಡಗೈ ಮತ್ತು ಹಿಮ್ಮಡಿಯಲ್ಲೇ ತಾಳ ಎತ್ತುತ್ತಾರೆ. ಆರ್ವಿಲ್ ಒಮ್ಮೆ ನೋಡುತ್ತಾನೆ. ಅವರು ಬಿಟ್ಟ ಜಾಗಕ್ಕೆಲ್ಲ ತನ್ನ ಪೆಟ್ಟು ಕೂರಿಸುತ್ತಾನೆ. ಹಾಡು ಮತ್ತೆ ಮೇಲೇಳುತ್ತದೆ. ಶವಪೆಟ್ಟಿಗೆ ಹೊರಡುವವರೆಗೂ ನಿಲ್ಲುವುದಿಲ್ಲ.

“ಆಸ್ಪತ್ರೆಗೆ ಯಾವಾಗ?” ಹೊರಗೆ ಬಂದಮೇಲೆ ಆರ್ವಿಲ್ ಕೇಳುತ್ತಾನೆ. ಈಗ ಅವನ ಮುಖದಲ್ಲಿ ತಮಾಷೆಯಿಲ್ಲ.

“ಸೋಮವಾರ. ನೀನೂ ಬಾರೋ, ಒಬ್ಬಳೇ ಹೋಗಕ್ಕೆ ಹೆದರಿಕೆ.”

ಪಾದ್ರಿ ಹತ್ತಿರ ಬಂದು ಕೈ ಹಿಡಿದುಕೊಳ್ಳುತ್ತಾರೆ. “ಭಾನುವಾರ ಬರ್ತೀರಲ್ಲ, ಸಿಸ್ಟರ್?”

“ಬರ್ತೀನಿ ಪಾಸ್ಟರ್. ಆದ್ರೆ ಇಷ್ಟು ವರ್ಷ ಬಾಗಿಲ ಗಾಳಿಗೆ ಕೂರ್ಸಿದ್ದು ಸಾಕು. ಇನ್ಮೇಲೆ ಹಾಡೋರ ಪಕ್ಕ ಕೂರ್ತೀನಿ.”