ಬರಿಗಾಲ ಡ್ರೈವರ್ ಮುನಿಶಾಮಣ್ಣ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ, ಎಂಟನೇ ಕ್ಲಾಸಿನ ನಡುವೆ. ಮನೆಯಲ್ಲಿ ಬಡತನವಿತ್ತು, ಆದರೆ ಬಿಟ್ಟದ್ದು ಅದಕ್ಕಲ್ಲ. ಲೆಕ್ಕದ ಮೇಷ್ಟ್ರು ಏನೋ ಕೇಳಿದರು, ನಾನು ಎದ್ದು ನಿಂತು "ಗೊತ್ತಿಲ್ಲ ಸಾರ್" ಅಂದೆ. ಅವರು ಆ ಮಾತನ್ನೇ ನನಗೆ ಹೆಸರು ಮಾಡಿಬಿಟ್ಟರು. ಒಂದು ವಾರ ಹಾಜರಿ ಕರೆಯುವಾಗಲೂ "ಗೊತ್ತಿಲ್ಲಪ್ಪ" ಎಂದೇ ಕರೆದರು, ಹುಡುಗರು ನಕ್ಕರು. ಎಂಟನೇ ದಿನ ನಾನು ಹೋಗಲಿಲ್ಲ. ಚಿಂತಾಮಣಿಯಲ್ಲಿ ಲಾರಿಗಳಿಗೆ ವೈರಿಂಗ್ ಮಾಡುವ ಶೆಡ್ ಸೇರಿದೆ. ದುಡಿಮೆಗೆ ನಾನು ಹಿಂಜರಿದವನಲ್ಲ. ಅರಿಯದ್ದನ್ನು ಬಿಚ್ಚಿ, ಕೈ ಸುಟ್ಟುಕೊಂಡು, ಮತ್ತೆ ಕಟ್ಟಿ ಕಲಿತೆ. ಆದರೆ ಆ ಒಂದು ಮಾತನ್ನು ಮಾತ್ರ ಇನ್ನು ಬಾಯಿಂದ ಬಿಡಬಾರದು ಎಂದು ಹಟ ತೊಟ್ಟಿದ್ದೆ. ಹದಿನಾರು ವರ್ಷ ಬಿಡಲಿಲ್ಲ. ಬಿಟ್ಟ ದಿನ ಎದುರಿಗಿದ್ದವನು ಮುನಿಶಾಮಣ್ಣ.

ಮುನಿಶಾಮಣ್ಣ ಬರಿಗಾಲಲ್ಲಿ ಗಾಡಿ ಓಡಿಸುತ್ತಿದ್ದ. ವಿದುರಾಶ್ವತ್ಥದ ಹತ್ತಿರದ ಹಳ್ಳಿಯವನು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇಟ್ಟಿದ್ದ ಜಬ್ಬಾರ್ ಸಾಬರ ಹತ್ತಿರ ಬಹಳ ವರ್ಷದಿಂದ ಡ್ರೈವರ್. ಕಾಲಿಗೆ ಲಾರಿ ಟೈರು ಕತ್ತರಿಸಿ ಮಾಡಿದ ದಪ್ಪ ಚಪ್ಪಲಿ, ಒಂದೊಂದೂ ಅರ್ಧ ಕೆಜಿ ತೂಗುವಂಥದ್ದು. ಗಾಡಿ ಹತ್ತುವ ಮುಂಚೆ ಎರಡನ್ನೂ ಬಿಚ್ಚಿ, ಒಂದಕ್ಕೊಂದು ಎರಡು ಸಲ ಬಡಿದು ಮಣ್ಣು ಉದುರಿಸಿ, ತನ್ನ ಸೀಟಿನ ಕೆಳಗೆ ತಳ್ಳುತ್ತಿದ್ದ. ಯಾಕಣ್ಣ ಎಂದರೆ, "ಪೆಡಲ್ಲು ಏನೋ ಹೇಳ್ತಿರತ್ತೆ ಕಣೋ. ಚಪ್ಪಲಿ ಹಾಕ್ಕೊಂಡ್ರೆ ಕೇಳ್ಸಲ್ಲ" ಎನ್ನುತ್ತಿದ್ದ.

ಇನ್ನೊಂದು ಅಭ್ಯಾಸವಿತ್ತು. ಕೀ ತಿರುಗಿಸಿ ತಕ್ಷಣ ಸ್ಟಾರ್ಟ್ ಮಾಡುತ್ತಿರಲಿಲ್ಲ. ಮುಂದಿನ ಬೋರ್ಡಿನಲ್ಲಿ ಕೆಂಪು ದೀಪಗಳು ಹತ್ತಿಕೊಳ್ಳುವುದನ್ನು ನೋಡುತ್ತ, ತೆಲುಗಿನಲ್ಲಿ ಎಣಿಸುತ್ತಿದ್ದ. "ಒಕಟಿ, ರೆಂಡು, ಮೂಡು, ನಾಲುಗು..." ಮಾತೆಲ್ಲ ಕನ್ನಡವೇ, ಎಣಿಕೆ ಮಾತ್ರ ತೆಲುಗು. ಇಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ, ಎಣಿಸುವುದನ್ನು ಅವನ ಅವ್ವ ಕಡಲೆಕಾಯಿ ಬಿಡಿಸುತ್ತ ಕಲಿಸಿದ್ದಳಂತೆ.

ತೊಂಬತ್ತರಲ್ಲಿ ನಾನು ಶಿಡ್ಲಘಟ್ಟದಲ್ಲಿ ಸ್ವಂತ ಶೆಡ್ ಹಾಕಿದಾಗ ಮೊದಲು ಬಂದ ಗಾಡಿ ಜಬ್ಬಾರ್ ಸಾಬರ ಅಂಬಾಸಿಡರ್. ಹಾರ್ನ್ ಕೆಟ್ಟಿತ್ತು. ಮುನಿಶಾಮಣ್ಣ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪೂರ್ತಿ ನೋಡಿದ. ಹೋಗುವಾಗ "ಏನಪ್ಪ ನಂಜುಂಡ, ಕೈ ಪರವಾಗಿಲ್ಲ ನಿಂದು" ಎಂದು ಅಷ್ಟೇ ಅಂದ. ಆ ವಾರ ಊರಿನ ನಾಲ್ಕು ಡ್ರೈವರ್‌ಗಳು ಬಂದರು. ಎಲ್ಲರೂ ಮುನಿಶಾಮಣ್ಣ ಕಳಿಸಿದ ಅಂದರು. ಬಿಡುವಿದ್ದ ಮಧ್ಯಾಹ್ನಗಳಲ್ಲಿ ಅವನು ನನ್ನ ಶೆಡ್ಡಿನಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದ. ಇಸ್ಕೂಲು ಬಿಟ್ಟ ಕಥೆಯನ್ನು ನಾನು ಹೇಳಿದ್ದು ಅವನೊಬ್ಬನಿಗೆ. ಅವನು ನಗಲಿಲ್ಲ. ಮುದ್ದೆ ಮುರಿಯುತ್ತ, "ಆ ಮೇಷ್ಟ್ರಿಗೂ ಎಷ್ಟೋ ಗೊತ್ತಿರಲ್ಲ ಬಿಡು. ಅವನನ್ನ ಕೇಳೋರಿಲ್ಲ, ಅಷ್ಟೆ" ಅಂದ.

ಕೆಂಪು ದೀಪವೆಂದರೆ ಅವನಿಗೆ ಮನೆಯ ಹಿರಿಯರು ಕೆಮ್ಮಿದ ಹಾಗೆ. ಒಂದು ಸಲ ಜಬ್ಬಾರ್ ಸಾಬರನ್ನು ಗೌರಿಬಿದನೂರಿಗೆ ಮದುವೆಗೆ ಕರೆದುಕೊಂಡು ಹೋಗುತ್ತಿದ್ದಾಗ ದಾರಿಯಲ್ಲಿ ಇಂಜಿನ್ ಆಯಿಲಿನ ದೀಪ ಮಿಣುಕಿತು. ಮುನಿಶಾಮಣ್ಣ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಕೀ ತೆಗೆದುಬಿಟ್ಟ. ಸಾಹುಕಾರರು ಎಷ್ಟು ಕೂಗಾಡಿದರೂ ಕೇಳದೆ, ಬರುತ್ತಿದ್ದ ಲಾರಿ ಹತ್ತಿ ನನ್ನನ್ನು ಹುಡುಕಿಕೊಂಡು ಬಂದ. ನಾವು ಹೋಗುವಷ್ಟರಲ್ಲಿ ಜಬ್ಬಾರ್ ಸಾಬರು ಅತ್ತರು ಹಾಕಿದ ಶೇರ್ವಾನಿಯಲ್ಲಿ ಮೈಲಿಗಲ್ಲಿನ ಮೇಲೆ ಕೂತಿದ್ದರು. ನೋಡಿದರೆ ಆಯಿಲು ತುಂಬ ಇತ್ತು. ದೀಪಕ್ಕೆ ಸುದ್ದಿ ಕೊಡುವ ಸ್ವಿಚ್ಚು ಕೆಟ್ಟಿತ್ತು, ಅಷ್ಟೆ.

"ನೋಡಿದೆಯಾ? ಸುಳ್ಳು ದೀಪಕ್ಕೆ ನನ್ನ ಎರಡು ಗಂಟೆ ಬಿಸಿಲಲ್ಲಿ ಕೂರಿಸಿದೆಯಲ್ಲೋ. ಅಲ್ಲಿ ಬಿರಿಯಾನಿ ಎಲ್ಲಾ ಖತಂ ಆಗಿರ್ತದೆ" ಅಂದರು ಸಾಹುಕಾರರು.

"ಸುಳ್ಳಾ ನಿಜಾನಾ ಅಂತ ನಿಂತ ಮೇಲಲ್ವಾ ಸಾಹುಕಾರ್ರೇ ಗೊತ್ತಾಗೋದು?" ಅಂದ ಮುನಿಶಾಮಣ್ಣ. ಸಾಬರು ನಕ್ಕುಬಿಟ್ಟರು.

ತೊಂಬತ್ತಾರರಲ್ಲಿ ಜಬ್ಬಾರ್ ಸಾಬರು ಹೊರದೇಶದ ಕಾರು ಕೊಂಡರು. ಬೆಂಗಳೂರಿನಲ್ಲಿದ್ದ ಯಾರೋ ಪರದೇಶದ ಇಂಜಿನಿಯರು ಊರಿಗೆ ವಾಪಸು ಹೋಗುವಾಗ ಮಾರಿದ ಬಿಳಿ ಗಾಡಿ. ಅದರ ಸ್ಟೇರಿಂಗ್ ಒಳಗೆ ಒಂದು ಚೀಲ ಮಡಚಿಟ್ಟಿರುತ್ತದೆ, ಡಿಕ್ಕಿಯಾದರೆ ಕಣ್ಣು ಮಿಟುಕಿಸುವುದರೊಳಗೆ ಊದಿಕೊಂಡು ಡ್ರೈವರನ ಎದೆ ಕಾಯುತ್ತದೆ ಎಂದು ಕೇಳಿ ಊರಿನವರೆಲ್ಲ ನೋಡಲು ಬಂದರು. ಆ ಚೀಲಕ್ಕೆಂದೇ ಬೋರ್ಡಿನಲ್ಲಿ ಒಂದು ಪುಟ್ಟ ಕೆಂಪು ದೀಪ. ಕೀ ತಿರುಗಿಸಿದರೆ ಅದು ಹತ್ತಿ, ಚೀಲದ ವೈರುಗಳನ್ನೆಲ್ಲ ತಾನೇ ಪರೀಕ್ಷೆ ಮಾಡಿ, ಎಲ್ಲ ಸರಿಯಿದ್ದರೆ ಇಂಜಿನ್ ಸ್ಟಾರ್ಟ್ ಮಾಡದಿದ್ದರೂ ತಾನೇ ಆರಿಹೋಗುತ್ತದೆ ಎಂದು ಆ ಇಂಜಿನಿಯರ ಹಳೆಯ ಡ್ರೈವರು ಹೇಳಿಕೊಟ್ಟಿದ್ದ. ಮುನಿಶಾಮಣ್ಣ ಎಣಿಸಿ ನೋಡಿದ್ದ. ಸರಿಯಾಗಿ "ಏಡು", ಅಂದರೆ ಏಳು, ಅನ್ನುವಷ್ಟರಲ್ಲಿ ಹೋಗುತ್ತಿತ್ತು. "ಇದು ಮಾತಿಗೆ ತಪ್ಪಲ್ಲ ಕಣೋ" ಎಂದು ನನಗೆ ತೋರಿಸಿ ಹಿಗ್ಗಿದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ದೀಪ ಆರಲೇ ಇಲ್ಲ. ಜಬ್ಬಾರ್ ಸಾಬರೂ ಅವನ ಜೊತೆಯಲ್ಲೇ ಶೆಡ್ಡಿಗೆ ಬಂದರು.

"ನಂಜುಂಡ ಮೇಸ್ತ್ರಿ, ನಿನ್ನ ಕೈಲಿ ಆಗ್ತದಾ? ಇಲ್ಲಾಂದ್ರೆ ಬೆಂಗಳೂರಿಗೆ ಕಳಿಸ್ತೀನಿ. ಅದರಲ್ಲೇನೂ ಬೇಜಾರಿಲ್ಲ."

"ಬೆಂಗಳೂರು ಯಾಕೆ ಸಾಬ್, ಸಂಜೆ ಬನ್ನಿ" ಅಂದೆ.

ನನಗೆ ತಿಳಿದಿದ್ದ ದೀಪಗಳಿಗೆಲ್ಲ ಒಂದು ಬಲ್ಬು, ಒಂದು ವೈರು, ಒಂದು ಅರ್ತಿಂಗ್. ಇದಕ್ಕೆ ಎಲ್ಲಿಂದಲೋ ಹಳದಿ ವೈರುಗಳು ಬಂದು ಮುಚ್ಚಿದ ಒಂದು ಡಬ್ಬಿಯೊಳಗೆ ಹೋಗುತ್ತಿದ್ದವು. ಬೋರ್ಡು ಬಿಚ್ಚಿ ಮಧ್ಯಾಹ್ನದವರೆಗೆ ಹುಡುಕಿದೆ. ಊಟ ಮಾಡಲಿಲ್ಲ. ಶೆಡ್ಡಿನ ಮುಂದೆ ಐದಾರು ಜನ ಮೇಸ್ತ್ರಿಗಳು ನಿಂತು ನೋಡುತ್ತಿದ್ದರು. ನಾಲ್ಕು ಗಂಟೆಗೆ, ಅವರು ಟೀ ಕುಡಿಯಲು ಹೋದಾಗ, ಆ ದೀಪದ ವೈರನ್ನು ಕತ್ತರಿಸಿ ಆಯಿಲ್ ದೀಪದ ವೈರಿಗೆ ಸೇರಿಸಿ ಬೆಸುಗೆ ಹಾಕಿದೆ. ಇಂಜಿನ್ ಸ್ಟಾರ್ಟ್ ಆದರೆ ಆಯಿಲ್ ದೀಪ ಆರುತ್ತದೆ. ಅದರ ಜೊತೆ ಇದೂ ಆರುತ್ತದೆ. ನೋಡುವವರಿಗೆ ಎಲ್ಲ ಸರಿಯಾದಂತೆ ಕಾಣುತ್ತದೆ.

ಸಂಜೆ ಮುನಿಶಾಮಣ್ಣ ಚಪ್ಪಲಿ ಬಡಿದು, ಸೀಟಿನ ಕೆಳಗೆ ತಳ್ಳಿ, ಕೀ ತಿರುಗಿಸಿ ಕೂತ. ಅವತ್ತು ಎಣಿಕೆ ಬಾಯಿಬಿಟ್ಟು ಹೇಳಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಆಮೇಲೆ ಸ್ಟಾರ್ಟ್ ಮಾಡಿದ. ದೀಪಗಳು ಆರಿದವು. ಸಾಬರು "ವಾಹ್" ಅಂದರು.

"ಸರಿಯಾಯ್ತೇನಪ್ಪ?" ಅಂದ ಮುನಿಶಾಮಣ್ಣ.

"ಆಯ್ತಣ್ಣ."

ಅವನು ಇಳಿದು ಬಂದು, ಸಾಬರಿಗೆ ಕೇಳಿಸದ ಹಾಗೆ ಇನ್ನೊಮ್ಮೆ ಕೇಳಿದ. "ನಂಜುಂಡ, ಸರಿಯಾಯ್ತಾ?"

"ಆಯ್ತು ಅಂದೆನಲ್ಲಣ್ಣ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

"ಅಯ್ಯೋ, ಐತಪ್ಪ" ಎಂದು ಗಾಡಿ ಹತ್ತಿದ.

ಆಮೇಲಿಂದ ಮುನಿಶಾಮಣ್ಣ ಬದಲಾದ. ಮುಂದಿನ ಸೀಟಿನಲ್ಲಿ ಕೂರಲು ಇಷ್ಟಪಡುತ್ತಿದ್ದ ಸಾಬರನ್ನು, "ಸಾಹುಕಾರ್ರು ಅನ್ನೋರು ಹಿಂದೆ ಕೂತ್ರೇನೆ ಲಕ್ಷಣ" ಎಂದು ಹಿಂದಕ್ಕೆ ಕೂರಿಸಿದ. ಅಷ್ಟು ಒಳ್ಳೆಯ ಗಾಡಿಯನ್ನು ನಲವತ್ತರ ಮೇಲೆ ಓಡಿಸುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಎಲ್ಲರೂ ಆಡಿಕೊಂಡರು, ಮುನಿಶಾಮಿಗೆ ವಯಸ್ಸಾಯಿತು ಎಂದರು. ನಾನೂ ಬಿಡಲಿಲ್ಲ.

"ಏನಣ್ಣ, ಹಾಲಿನ ಸೈಕಲ್ಲು ನಿನ್ನ ಹಿಂದೆ ಹಾಕಿ ಹೋಯ್ತಂತೆ?"

"ಹೋಗ್ಲಿ ಬಿಡು. ಅವನ ಹಾಲು ಒಡೆದೋಗತ್ತೆ ಅಂತ ಅವನಿಗೆ ಅವಸರ" ಅಂದ, ನನ್ನ ಮುಖ ನೋಡದೆ.

ಹತ್ತು ತಿಂಗಳು ಹಾಗೇ ಓಡಿಸಿದ. ತೊಂಬತ್ತೇಳರಲ್ಲಿ, ಬೆಳಗಿನ ಒಂಬತ್ತು ಗಂಟೆಯ ಹೊತ್ತು, ನಂದಿಯ ಹತ್ತಿರ ಎಲೆಕೋಸು ತುಂಬಿದ ಟ್ರ್ಯಾಕ್ಟರು ದ್ರಾಕ್ಷಿ ತೋಟದ ಮರೆಯಿಂದ ಒಮ್ಮೆಲೇ ರಸ್ತೆಗೆ ನುಗ್ಗಿತು. ಹಿಂದೆ ಕೂತಿದ್ದ ಸಾಬರಿಗೆ ತುಟಿ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಮುನಿಶಾಮಣ್ಣನ ಎದೆ ಸ್ಟೇರಿಂಗಿಗೆ ಬಡಿಯಿತು. ಚೀಲ ಬಿಚ್ಚಿಕೊಳ್ಳಲಿಲ್ಲ. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ಗಾಡಿ ನಿಧಾನ ಇದ್ದದ್ದಕ್ಕೆ ಜೀವ ಉಳಿಯಿತು ಎಂದರಂತೆ ಡಾಕ್ಟರು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದವರೆಲ್ಲ ಬಂದು ಒಂದೇ ಮಾತು ಹೇಳಿದರು. "ಚೀಲ ಬಿಚ್ಚೋವಷ್ಟು ಪೆಟ್ಟು ಬಿದ್ದಿಲ್ವಂತೆ. ನಂಜುಂಡನ ಕೆಲಸದಲ್ಲಿ ಐಬಿಲ್ಲ ಅಂದ ಮುನಿಶಾಮಿ." ನಾನು ಆಸ್ಪತ್ರೆಗೆ ಹೋಗಲಿಲ್ಲ. ಹೊರಟು, ಬಸ್ ಸ್ಟ್ಯಾಂಡಿನಿಂದ ಎರಡು ಸಲ ವಾಪಸು ಬಂದೆ.

ಮೂತಿ ಜಜ್ಜಿಹೋದ ಗಾಡಿಯನ್ನು ಎಳೆದು ತಂದು ನನ್ನ ಶೆಡ್ಡಿನಲ್ಲೇ ನಿಲ್ಲಿಸಿದರು. ಭಾನುವಾರ ಬೆಳಿಗ್ಗೆ ಬಾಗಿಲು ಎಳೆದುಕೊಂಡು ಒಬ್ಬನೇ ಕೂತೆ. ಈ ಸಲ ಬೋರ್ಡನ್ನು ಬಿಟ್ಟು, ಆ ಹಳದಿ ವೈರು ಎಲ್ಲೆಲ್ಲಿ ಹೋಗುತ್ತದೆಂದು ಬೆರಳಲ್ಲಿ ಹಿಡಿದುಕೊಂಡೇ ಹೋದೆ. ಅದು ಕಾರ್ಪೆಟ್ಟಿನ ಕೆಳಗೆ ಹಾದು ಡ್ರೈವರ್ ಸೀಟಿನ ಅಡಿಗೆ ಬಂತು. ಅಲ್ಲಿ ಕೈ ಹಾಕಿದಾಗ ಮೊದಲು ಸಿಕ್ಕಿದ್ದು ಮುನಿಶಾಮಣ್ಣನ ಚಪ್ಪಲಿ. ಅದರ ದಪ್ಪ ಹಿಮ್ಮಡಿ ಹಳದಿ ವೈರಿನ ಪ್ಲಗ್ಗಿಗೆ ಒತ್ತಿ ನಿಂತಿತ್ತು. ದಿನಕ್ಕೆ ಹತ್ತು ಸಲ ತಳ್ಳಿ, ಎಳೆದು, ತಳ್ಳಿ, ಪ್ಲಗ್ಗು ಅರ್ಧ ಹೊರಗೆ ಬಂದಿತ್ತು. ಚೀಲಕ್ಕೆ ಹೋಗಬೇಕಾದ ಸುದ್ದಿ ಅಲ್ಲೇ ನಿಂತುಹೋಗಿತ್ತು.

ಹೆಬ್ಬೆರಳಿನಿಂದ ಒತ್ತಿದೆ. ಟಕ್ ಎಂದು ಕೂತುಕೊಂಡಿತು. ಬೋರ್ಡು ಬಿಚ್ಚಿ, ನಾನು ಹಾಕಿದ್ದ ಬೆಸುಗೆ ಕಿತ್ತು, ದೀಪದ ವೈರನ್ನು ಅದರ ಜಾಗಕ್ಕೇ ಸೇರಿಸಿ ಕೀ ತಿರುಗಿಸಿದೆ. ನನಗೆ ಗೊತ್ತಿಲ್ಲದೆಯೇ ಬಾಯಿ ತೆಲುಗಿನಲ್ಲಿ ಎಣಿಸುತ್ತಿತ್ತು. ಏಡು ಅನ್ನುವಷ್ಟರಲ್ಲಿ ದೀಪ ತಾನೇ ಆರಿಹೋಯಿತು. ಆ ಕೆಲಸಕ್ಕೆ ಒಂದು ಸ್ಕ್ರೂಡ್ರೈವರ್ ಕೂಡ ಬೇಕಿರಲಿಲ್ಲ. ಬೆಂಗಳೂರಿನಲ್ಲಿ ಬಲ್ಲವನೊಬ್ಬ ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದ್ದರೆ ಸಾಕಾಗಿತ್ತು.

ಚಪ್ಪಲಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ.

ಮಾರನೆಯ ತಿಂಗಳು ಅವನ ಊರಿಗೆ ಹೋದೆ. ಮುನಿಶಾಮಣ್ಣ ಜಗುಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದ. ನಾಲ್ಕು ಮಾತಾಡಿದರೆ ಒಂದು ಸಲ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕಾಗಿತ್ತು. ಅತ್ತಿಗೆ ಟೀ ಕೊಟ್ಟು ಒಳಗೆ ಹೋದರು.

"ಅಣ್ಣ, ಆ ದೀಪದ ವಿಷಯ... ನಾನು ಅವತ್ತು..."

"ಆಯಿಲ್ ದೀಪಕ್ಕೆ ಸೇರಿಸಿದ್ದೆ. ಗೊತ್ತು ಕಣೋ."

ನಾನು ಲೋಟ ಕೆಳಗಿಟ್ಟೆ. "ಯಾವಾಗಿಂದ?"

"ಅವತ್ತಿಂದಾನೆ. ಏಡು ಎಣಿಸ್ದೆ, ಹೋಗ್ಲಿಲ್ಲ. ಎನಿಮಿದಿ, ತೊಮ್ಮಿದಿ, ಪದಿ... ಊಹೂಂ. ಇಂಜಿನ್ ಎದ್ದಾಗ ಎರಡೂ ಕೈ ಕೈ ಹಿಡ್ಕೊಂಡು ಹೋದ್ವು. ಓಹೋ, ಇವೆರಡಕ್ಕೂ ನೆಂಟಸ್ತಿಕೆ ಮಾಡಿಸವ್ನೆ ನಂಜುಂಡ ಅಂದ್ಕೊಂಡೆ."

"ಸಾಹುಕಾರ್ರಿಗೆ ಹೇಳ್ಬೋದಿತ್ತಲ್ಲಣ್ಣ. ನನಗಾದ್ರೂ ನಾಲ್ಕು ಬೈಬೋದಿತ್ತಲ್ಲ."

"ಎರಡು ಸಲ ಕೇಳಿದ್ನಲ್ಲೋ." ಉಸಿರು ತೆಗೆದುಕೊಂಡ. "ನಿನ್ನ ಮುಖ ನೋಡ್ದೆ. ಇಸ್ಕೂಲಲ್ಲಿ ಎದ್ದು ನಿಂತಿರೋ ಹುಡುಗನ ಮುಖ. ನಾನು ಬಾಯಿಬಿಟ್ಟಿದ್ರೆ ಅಷ್ಟು ಜನದ ಮುಂದೆ ನೀನು ಅಂಗಡಿನೂ ಬಿಟ್ಟೋಗ್ತಿದ್ದೆ. ಗಾಡಿ ಇರೋದು ನನ್ನ ಕೈಲಿ ತಾನೆ, ನಿಧಾನಕ್ಕೆ ಹೋದ್ರಾಯ್ತು ಅಂದ್ಕೊಂಡೆ. ಟ್ರ್ಯಾಕ್ಟರ್‌ನವನು ನನ್ನ ಕೇಳ್ಕೊಂಡು ಬರ್ತಾನಾ?"

ಅವನು ಇನ್ನೊಂದು ಸಲ ಉಸಿರು ತೆಗೆದುಕೊಂಡು ಕೇಳಿದ.

"ಕೊನೆಗೂ ಅದಕ್ಕೆ ಏನಾಗಿತ್ತೋ? ನನ್ನಿಂದ ಏನಾದ್ರೂ ಕೆಟ್ಟಿತ್ತಾ? ಮಲ್ಕೊಂಡಾಗೆಲ್ಲ ಅದೇ ಯೋಚ್ನೆ. ಎರಡು ತಿಂಗಳು ಚೆನ್ನಾಗಿದ್ದ ದೀಪ ನನ್ನ ಕೈಲೇ ಯಾಕೆ ಕೆಡಬೇಕು?"

ಅವನ ಪಾದಗಳು ಕಂಬಳಿಯಿಂದ ಆಚೆ ಚಾಚಿಕೊಂಡಿದ್ದವು. ಹಿಮ್ಮಡಿ ಬಿರಿದ, ಅಗಲವಾದ ಪಾದಗಳು.

"ಗೊತ್ತಿಲ್ಲ ಅಣ್ಣ" ಅಂದೆ.

ಮುನಿಶಾಮಣ್ಣ ನನ್ನನ್ನೇ ನೋಡಿದ. ಆಮೇಲೆ ಎದೆ ಹಿಡಿದುಕೊಂಡು, ನೋವಿನಲ್ಲೇ, ಸದ್ದಿಲ್ಲದೆ ನಕ್ಕ. "ಇನ್ನೊಂದ್ಸಲ ಅನ್ನು."

"ಗೊತ್ತಿಲ್ಲ."

"ನೋಡ್ದಾ? ನಾಲಿಗೆ ಏನೂ ಸುಡಲಿಲ್ಲ. ಇದನ್ನ ಹೋದ ವರ್ಷಾನೆ ಅಂದಿದ್ರೆ..." ಅಲ್ಲಿಗೆ ನಿಲ್ಲಿಸಿ, ಕೈಯಾಡಿಸಿ ಆ ಮಾತನ್ನು ಬಿಟ್ಟುಬಿಟ್ಟ. "ಹೋಗ್ಲಿ. ಕಲಿತೆಯಲ್ಲ."

ನಾನು ಎದ್ದು ಅಂಗಳಕ್ಕೆ ಇಳಿದಾಗ ಕರೆದ. "ಲೋ ನಂಜುಂಡ, ನನ್ನ ಚಪ್ಪಲಿ ಆ ಗಾಡೀಲೇ ಉಳ್ಕೊಂಡ್ವು. ಸಿಕ್ಕಿದ್ವಾ?"

"ಇಲ್ಲಣ್ಣ. ಕಾಣಲಿಲ್ಲ."

"ಆಕ್ಸಿಡೆಂಟ್ ಗಲಾಟೇಲಿ ಯಾರೋ ಹಾಕ್ಕೊಂಡು ಹೋಗಿರ್ಬೇಕು. ಗಟ್ಟಿ ಚಪ್ಪಲಿ" ಅಂದ.

ಅದೇ ಕೊನೆ. ಮಾಗಿಯ ಚಳಿ ಶುರುವಾದಾಗ ಅವನ ಉಸಿರು ನಿಂತಿತು. ಸುದ್ದಿ ನನಗೆ ತಿಳಿದದ್ದು ಮೂರನೆಯ ದಿನ, ಗೌರಿಬಿದನೂರಿನ ಲಾರಿ ಡ್ರೈವರ್ ಒಬ್ಬನಿಂದ. ಅವನ ಗಾಡಿಯ ಕೆಲಸ ಅರ್ಧಕ್ಕೆ ಬಿಟ್ಟು ಹೋದೆ. ಜಗುಲಿಯ ಮೇಲೆ ದಿಂಬು ಇರಲಿಲ್ಲ. ಎಲ್ಲರ ಚಪ್ಪಲಿಗಳೂ ಅಂಗಳದಲ್ಲಿ ಇದ್ದವು.

ಈಗ ನನಗೆ ಶಿಡ್ಲಘಟ್ಟದಲ್ಲಿ ಎರಡು ಬಾಗಿಲಿನ ಅಂಗಡಿ ಇದೆ. ಹಿಂದೆ ಎರಡು ಕೋಣೆಯ ಸ್ವಂತ ಮನೆ ಇದೆ. ಇಬ್ಬರು ಹೆಣ್ಣುಮಕ್ಕಳು ಇಸ್ಕೂಲಿಗೆ ಹೋಗುತ್ತಾರೆ. ನನಗೆ ಗೊತ್ತಿಲ್ಲ ಎಂದು ಹೇಳಿ ಬೆಂಗಳೂರಿಗೆ ಕಳಿಸಿದ ಗಾಡಿಗಳು ಇಲ್ಲಿಯವರೆಗೆ ಒಂಬತ್ತು. ಅಟ್ಟದ ಮೇಲೆ ಟೈರಿನ ಚಪ್ಪಲಿ ಒಂದು ಜೊತೆ.