ಸುಬ್ಬಯ್ಯನ ಟೆಸ್ಟ್ ಲ್ಯಾಂಪ್

ಸುಬ್ಬಯ್ಯ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯಲ್ಲಿ ಹುಟ್ಟಿದವನು. ಹುಟ್ಟಿನಿಂದಲೇ ಅವನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ. ಬೇರೆ ಯಾರ ಮನೆಯಲ್ಲಿ ಹುಟ್ಟಿದ್ದರೂ ಯಾರೂ ಗಮನಿಸುತ್ತಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಒಂದು ಮದುವೆ ಸೀರೆಗೆ ಕೆಂಪು ನೂಲಿನ ಲಾಳಿ ಬದಲು ಹಸಿರು ನೂಲಿನ ಲಾಳಿ ಎಸೆದು ಮೊಳದುದ್ದ ನೇಯ್ದುಬಿಟ್ಟ. ಅಪ್ಪ ಅದೇ ಲಾಳಿಯಿಂದ ಮುಖಕ್ಕೆ ಹೊಡೆದು, ಇನ್ನು ಮಗ್ಗ ಮುಟ್ಟಬೇಡ ಎಂದು ಹೊರಗೆ ಹಾಕಿದ.

ಹಾಗೆ ಹೊರಬಿದ್ದವನು ಕಲಿತದ್ದಾದರೂ ಏನು? ಆಟೋ ಎಲೆಕ್ಟ್ರಿಕ್ ಕೆಲಸ. ಬಣ್ಣಬಣ್ಣದ ವೈರುಗಳದ್ದೇ ಕಸುಬು. ಬಾಣಲೆಯಿಂದ ಬೆಂಕಿಗೆ ಬೀಳುವುದು ಎಂದರೆ ಇದೇ. ಆದರೆ ಅವನು ವೈರಿನ ಬಣ್ಣವನ್ನು ನಂಬುತ್ತಲೇ ಇರಲಿಲ್ಲ. ಒಂದು ಸಣ್ಣ ಬಲ್ಬು, ಅದಕ್ಕೆ ಉದ್ದನೆಯ ಎರಡು ವೈರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಸೂಜಿ. ಆ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ವೈರನ್ನು ಚುಚ್ಚಿ ನೋಡುತ್ತಾ ಬರುತ್ತಿದ್ದ. ಹನೂರಿನಲ್ಲಿ ಅಂಗಡಿ ಹಾಕಿದ ಇಪ್ಪತ್ತೇಳು ವರ್ಷದಲ್ಲಿ ಅವನು ತಪ್ಪು ವೈರು ಸೇರಿಸಿದ್ದನ್ನು ಕಂಡವರಿಲ್ಲ.

ನಾನು ನಟರಾಜು. ಲೊಕ್ಕನಹಳ್ಳಿ ಕಡೆಯಿಂದ ಕೊಳ್ಳೇಗಾಲಕ್ಕೆ ಮುಸುಕಿನ ಜೋಳ ಹೊಡೆಯುವ ಹಳೇ ಪಿಕಪ್ ನನ್ನದು. ಹೋದ ವರ್ಷ ಆಯುಧಪೂಜೆ ಕಳೆದ ಮೇಲೆ ಅದಕ್ಕೆ ಹುಚ್ಚು ಹಿಡಿಯಿತು. ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೆಲ್ಲ ಮಂಕಾಗಿ ಮಿಣುಕುತ್ತಿದ್ದವು. ಬ್ರೇಕ್ ತುಳಿದರೆ ಇಂಡಿಕೇಟರ್ ಸತ್ತೇ ಹೋಗುತ್ತಿತ್ತು. ಸುಬ್ಬಯ್ಯನ ಎದುರಿಗೆ ಹೊಸದಾಗಿ ಅಂಗಡಿ ಹಾಕಿದ್ದ ಹೇಮಂತ್ ಇಂಡಿಕೇಟರ್ ಮಿನುಗಿಸುವ ಫ್ಲಾಷರ್ ಬದಲಾಯಿಸಿದ, ಬಲ್ಬು ಬದಲಾಯಿಸಿದ, ಸ್ವಿಚ್ಚನ್ನೂ ಬದಲಾಯಿಸಿ ಕೊನೆಗೆ ಗಾಡಿಯೇ ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸುಬ್ಬಯ್ಯನ ಹತ್ತಿರ ಹೋದೆ. ಅವನು ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ, ಸೂಜಿಯನ್ನು ಹಿಂದಿನ ಲೈಟಿನ ಪಕ್ಕದ ಬೋಲ್ಟಿಗೆ ಮುಟ್ಟಿಸಿದ. ಉರಿಯಲಿಲ್ಲ.

"ಅಬ್ಬಕ್ಕೆ ಚಾಸಿಗೆ ಪೇಂಟು ಬಳಿದ್ಯೇನ್ಲಾ?"

ಬಳಿದಿದ್ದೆ. ಪೂಜೆಗೆ ಗಾಡಿ ಮದುವಣಗಿತ್ತಿ ಹಾಗೆ ಕಾಣಬೇಕೆಂದು ಬೋಲ್ಟು ಬಿಚ್ಚಿ ಒಳಗೂ ಬಳಿದಿದ್ದೆ.

"ಅರ್ತ್ ವೈರು ಕಬ್ಣ ಮುಟ್ಬೇಕು ಕಣ್ಲಾ. ಕರೆಂಟ್ ವಾಪಸ್ ಓಗಾಕೆ ದಾರಿ ಇಲ್ದೆ ಪಕ್ಕದ್ ಬಲ್ಬೊಳಕ್ಕೆ ನುಗ್ತಾದೆ," ಎನ್ನುತ್ತಾ ಪೇಂಟು ಕೆರೆದ. ಮತ್ತೆ ಮುಟ್ಟಿಸಿದರೆ ಲ್ಯಾಂಪ್ ಉರಿಯಿತು.

ಆಗ ನಾನು ಸುಮ್ಮನಿರಬೇಕಿತ್ತು. "ಆ ಹಸಿರು ವೈರೂ ಸಡಿಲ ಐತೆ ನೋಡಣ್ಣ," ಎಂದೆ. ಅವನ ಕೈ ಮೂರು ವೈರುಗಳ ಮೇಲೆ ತಡಕಾಡಿತು. ನಾನು ನೋಡುತ್ತಿದ್ದುದನ್ನು ಅವನೂ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಮಗ್ಗ, ಸೀರೆ, ಅಪ್ಪನ ಏಟು ಎಲ್ಲ ಹೇಳಿದ. "ಯಾರ್ ಮುಂದೂ ಬಾಯ್ ಬುಡ್ಬ್ಯಾಡ ಕಣ್ಲಾ. ಬಣ್ಣ ಕಾಣ್ದೋನು ಅಂತ ಗೊತ್ತಾದ್ರೆ ಒಬ್ರೂ ಗಾಡಿ ಬುಡಾಕಿಲ್ಲ. ಈ ವಯಸ್ನಲ್ಲಿ ಇನ್ನೇನ್ ಕಲೀಲಿ?"

ಅವನು ಲೈಟಿನ ಸ್ಕ್ರೂ ತಿರುಗಿಸುತ್ತಿರುವಾಗ ನಾನು ಪಕ್ಕದಲ್ಲಿ ಟೀ ಕುಡಿಯಲು ಹೋದೆ. ಹೇಮಂತ್ ಅಲ್ಲಿದ್ದ, ಇನ್ನೂ ನಾಲ್ಕು ಜನ ಡ್ರೈವರುಗಳಿದ್ದರು. ಒಂದು ತಮಾಷೆ ಹೇಳ್ತೀನಿ ಕೇಳಿ ಎಂದೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಬಾಯಿ ಬಿಟ್ಟವನು ನಾನು, ಬಣ್ಣಗೆಟ್ಟವನು ಅವನು.

ಗ್ಲಾಸು ಕೆಳಗಿಡುವ ಮೊದಲೇ ಎಲ್ಲರೂ ಎದ್ದು ಸುಬ್ಬಯ್ಯನ ಅಂಗಡಿಗೆ ನುಗ್ಗಿದರು. ಹೇಮಂತ್ ಟೆಸ್ಟ್ ಲ್ಯಾಂಪನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಎರಡು ವೈರಿನ ತುಂಡು ಮುಂದೆ ಹಿಡಿದು, "ಸುಬ್ಬಣ್ಣ, ಇದ್ರಲ್ಲಿ ಕೆಂಪ್ಯಾವ್ದು ಏಳು," ಎಂದ.

"ಲ್ಯಾಂಪ್ ಕೊಡು."

"ಕಣ್ಣಲ್ಲಿ ನೋಡಿ ಏಳಣ್ಣ."

ಸುಬ್ಬಯ್ಯ ವೈರು ನೋಡಲಿಲ್ಲ, ನನ್ನನ್ನು ನೋಡಿದ. ಅಷ್ಟರಲ್ಲಿ ಅವನ ಹೆಂಡತಿ ಚೌಡೇಶ್ವರಿ ಊಟದ ಕ್ಯಾರಿಯರ್ ಹಿಡಿದು ಬಂದಳು. ಉಟ್ಟಿದ್ದು ಹಸಿರು ಸೀರೆ.

"ವೈರು ಓಗ್ಲಿ ಬುಡು. ಎಂಡ್ರು ಸೀರೆ ಯಾವ ಬಣ್ಣ?" ಎಂದ ಹೇಮಂತ್.

ಸುಬ್ಬಯ್ಯ ಬಹಳ ಹೊತ್ತು ಆ ಸೀರೆ ನೋಡಿದ. "ಕೆಂಪು," ಎಂದ.

ಎಲ್ಲರೂ ಹೋ ಎಂದು ನಕ್ಕರು. ಚೌಡೇಶ್ವರಿ ಗಂಡನ ಮುಖ ನೋಡಿದಳು, ನಮ್ಮ ಮುಖಗಳನ್ನು ನೋಡಿದಳು. "ಕೆಂಪೇ ಕಣ್ರಿ," ಎಂದಳು. "ಅವ್ರು ಸರ್ಯಾಗೇ ಏಳವ್ರೆ."

ನಗು ಎರಡರಷ್ಟಾಯಿತು. ಒಬ್ಬ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತ. ನಾನೂ ನಕ್ಕೆ. ನಮ್ಮ ಬೆನ್ನ ಹಿಂದೆ ನನ್ನ ಪಿಕಪ್ಪಿನ ಬಲಗಡೆ ಇಂಡಿಕೇಟರ್ ಹೊಸ ಗಾಡಿಯದರ ಹಾಗೆ ಮಿನುಗುತ್ತಿತ್ತು. ಹೇಮಂತನ ಕೈಲಾಗದ್ದನ್ನು ಇವನು ಮಾಡಿದ್ದಾನೆ, ತಿರುಗಿ ನೋಡ್ರೋ ಎಂದರೆ ಸಾಕಿತ್ತು. ನನ್ನಂಥ ಹೇಡಿಗೆ ನಗುವವರ ಕಡೆ ನಿಲ್ಲುವುದೇ ಸುಲಭ.

ಹದಿನೈದು ದಿನದಲ್ಲಿ ಅವನ ಅಂಗಡಿ ಮುಂದೆ ಒಂದು ಗಾಡಿಯೂ ಇರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಬಾಗಿಲು ಹಾಕಿದ. ಈಗ ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೊಳೆಯುತ್ತಾನೆ. ಮೊನ್ನೆ ಅವನಿರುವುದು ಗೊತ್ತಿಲ್ಲದೆ ನಾನೂ ತೊಳೆಸಲು ಅಲ್ಲಿಗೇ ಪಿಕಪ್ ತಿರುಗಿಸಿದೆ. ಇಪ್ಪತ್ತು ವರ್ಷದ ಪರಿಚಯದವನು ಪೈಪು ಹಿಡಿದು ಬಂದು, ಕಿಟಕಿ ಹತ್ತಿರ ಬಗ್ಗಿದ.

"ಬಲ್ಗಡೆ ಇಂಡಿಕೇಟರ್ ಮತ್ತೆ ಮಂಕಾಗದೆ ಸಾ. ಕಣ್ ಕಾಣೋರ್ಗೆ ತೋರ್ಸಿ."

ತೋರಿಸ್ತೀನಿ ಎಂದೆ. ಅವನು ಚಕ್ರಕ್ಕೆ ನೀರು ಬಿಟ್ಟ.